ದೋಣಿಯ ನೆಲ ಎಷ್ಟು ಎತ್ತರ ಇರಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬರಗಾಲ, ಬೋರ್‌ವೆಲ್ ಮತ್ತು ಮೆಕ್ಕೆಜೋಳದ ಹೊಲ. ಇಲ್ಲಿ ದೋಣಿಯ ವಿಷಯ ತೆಗೆದರೆ ನಗುವವರೇ ಹೆಚ್ಚು. ಕೂಡ್ಲಿಗಿ, ಕೊಟ್ಟೂರಿನ ಮಟ್ಟಿಗೆ ಆ ನಗುವಿನಲ್ಲಿ ಅರ್ಥವಿದೆ. ಆದರೆ ಹರಪನಹಳ್ಳಿ ಮತ್ತು ಹಡಗಲಿಯ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಬದಿಗೆ ಜಲಾಶಯದ ಹಿನ್ನೀರು ಬಂದು ನಿಲ್ಲುತ್ತದೆ. 1953ರಲ್ಲಿ ನಿರ್ಮಾಣ ಮುಗಿದ ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ವಿಸ್ತಾರಕ್ಕೆ ನೀರು ಹರಡುತ್ತದೆ. ಈ ನೀರನ್ನೇ ನಂಬಿ ಮೀನು ಹಿಡಿಯುವ ಕುಟುಂಬಗಳಿಗೆ ದೋಣಿ ಎಂದರೆ ರೈತನಿಗೆ ಎತ್ತಿನ ಗಾಡಿ ಇದ್ದಂತೆ.

ಅಂಥ ಕುಟುಂಬಗಳಲ್ಲಿ ನನ್ನ ಸೋದರಮಾವನದೂ ಒಂದು. ಮೊದಲಿನಿಂದ ಅವರದು ತೆಪ್ಪ, ಅಂದರೆ ಹರಿಗೋಲು. ಬಿದಿರಿನ ದಬ್ಬೆಗಳ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದದ್ದು. ಕಳೆದ ವರ್ಷ ಅವರು ಹನ್ನೆರಡು ಅಡಿ ಉದ್ದದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡರು. ಹಗುರ, ತುಕ್ಕು ಹಿಡಿಯುವುದಿಲ್ಲ, ಹುಟ್ಟು ಹಾಕಿದರೆ ತೆಪ್ಪದ ಹಾಗೆ ಗಿರಗಿರ ತಿರುಗದೆ ನೇರ ಹೋಗುತ್ತದೆ. ತೊಂದರೆ ಇದ್ದದ್ದು ಒಂದೇ. ಅದರ ತಳ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದೆ, ಮಧ್ಯೆ ಮಧ್ಯೆ ಪಕ್ಕೆಲುಬಿನಂಥ ಪಟ್ಟಿಗಳಿವೆ. ಅದರಲ್ಲಿ ನಿಂತು ಬಲೆ ಎಳೆಯುವಾಗ ಕಾಲು ಜಾರುತ್ತದೆ, ಬಲೆ ಸೀಟಿಗೆ ಸಿಕ್ಕಿಕೊಳ್ಳುತ್ತದೆ.

‘ನೋಡಪ್ಪಾ ಇಂಜಿನಿಯರ, ಅಂಚಿನ ಮಟ್ಟಕ್ಕ ಒಂದ ಸಮನೆ ಹಲಗಿ ಬಡದ್ರ ಮುಗೀತು. ಕಟ್ಟಿ ಮ್ಯಾಲೆ ನಿಂತಂಗ ನಿಂತು ಬಲಿ ಎಳಿಬೌದು’ ಎಂದರು ಮಾವ.

ಕೇಳಲು ಬಡಗಿಯ ಅರ್ಧ ದಿನದ ಕೆಲಸದಂತಿದೆ. ಆದರೆ ಹಲಗೆ ಎಷ್ಟು ಎತ್ತರದಲ್ಲಿ ಕೂರುತ್ತದೆ ಎನ್ನುವುದರ ಮೇಲೆ ದೋಣಿ ನೆಟ್ಟಗೆ ನಿಲ್ಲುತ್ತದೋ ಮಗುಚುತ್ತದೋ ಎಂಬುದು ನಿರ್ಧಾರವಾಗುತ್ತದೆ. ‘ಮಾವ, ಎರಡು ದಿನ ತಡೀರಿ, ಲೆಕ್ಕ ಹಾಕಿ ಹೇಳ್ತೀನಿ’ ಎಂದೆ. ಆ ಲೆಕ್ಕ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದು ಮರೆಯುವ ಮೆಟಾಸೆಂಟರ್ ಎಂಬ ಅಧ್ಯಾಯ ಅದು.

ಪುಸ್ತಕದ ಸೂತ್ರ

ತೇಲುವ ವಸ್ತುವಿನಲ್ಲಿ ಮೂರು ಬಿಂದುಗಳನ್ನು ಗಮನಿಸಬೇಕು. ಮೊದಲನೆಯದು ದೋಣಿ, ಜನ, ಸಾಮಾನು ಎಲ್ಲದರ ಭಾರ ಒಟ್ಟಾಗಿ ಕೆಳಕ್ಕೆ ಜಗ್ಗುವ ಗುರುತ್ವ ಕೇಂದ್ರ. ಎರಡನೆಯದು ನೀರು ದೋಣಿಯನ್ನು ಮೇಲಕ್ಕೆ ಒತ್ತುವ ತೇಲುವಿಕೆಯ ಕೇಂದ್ರ. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ, ಎರಡನೆಯ ಬಿಂದು ಅತ್ತ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆ ದೋಣಿಯ ನಡುಗೆರೆಯನ್ನು ಕತ್ತರಿಸುವ ಜಾಗವೇ ಮೂರನೆಯದು, ಮೆಟಾಸೆಂಟರ್. ಗುರುತ್ವ ಕೇಂದ್ರ ಇದಕ್ಕಿಂತ ಕೆಳಗಿದ್ದರೆ ವಾಲಿದ ದೋಣಿ ತಾನೇ ನೆಟ್ಟಗಾಗುತ್ತದೆ. ಮೇಲಿದ್ದರೆ ಇನ್ನಷ್ಟು ವಾಲುತ್ತದೆ. ಇವೆರಡರ ನಡುವಿನ ಅಂತರವೇ ಮೆಟಾಸೆಂಟ್ರಿಕ್ ಎತ್ತರ.

ಈ ಹೆಸರು ಕೊಟ್ಟವರು ಫ್ರಾನ್ಸಿನ ಪಿಯರ್ ಬುಗೇ. ಭೂಮಿಯ ಆಕಾರ ತಿಳಿಯಲು ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ಅಳತೆಯ ತಂಡದಲ್ಲಿದ್ದ ಅವರು, ಹಡಗುಗಳ ಕುರಿತ ತಮ್ಮ ಗ್ರಂಥವನ್ನು 1746ರಲ್ಲಿ ಪ್ರಕಟಿಸಿದರು. ಅವರ ಸೂತ್ರ ಸರಳ. ನೀರಿನ ಮಟ್ಟದಲ್ಲಿ ದೋಣಿಯ ಅಡ್ಡಕೊಯ್ತ ಯಾವ ಆಕಾರದಲ್ಲಿದೆಯೋ ಅದರ ಮೊಮೆಂಟ್ ಆಫ್ ಇನರ್ಷಿಯಾವನ್ನು ದೋಣಿ ಸರಿಸಿದ ನೀರಿನ ಗಾತ್ರದಿಂದ ಭಾಗಿಸಬೇಕು. ತೇಲುವಿಕೆಯ ಕೇಂದ್ರದಿಂದ ಮೆಟಾಸೆಂಟರ್ ಎಷ್ಟು ಮೇಲಿದೆ ಎಂಬುದು ಸಿಗುತ್ತದೆ. ಆಯತಾಕಾರವಾದರೆ ಇನರ್ಷಿಯಾ ಎಂದರೆ ಉದ್ದ ಗುಣಿಲೆ ಅಗಲದ ಘನ, ಭಾಗಿಲೆ 12. ಅಗಲ ಘನವಾಗಿ ಬರುವುದರಿಂದ ಅಗಲ ಸ್ವಲ್ಪ ಕಡಿಮೆಯಾದರೂ ಸ್ಥಿರತೆ ಬಹಳ ಇಳಿಯುತ್ತದೆ.

ಇದನ್ನು ಇಟ್ಟುಕೊಂಡು ಮೊದಲು ತೆಪ್ಪದ ಲೆಕ್ಕ ಹಾಕಿದೆ. ನೀರಿನ ಮಟ್ಟದಲ್ಲಿ 2 ಮೀಟರ್ ವ್ಯಾಸದ ದುಂಡನೆಯ ತೆಪ್ಪ, ಒಟ್ಟು ಭಾರ 300 ಕೆ.ಜಿ. ಎಂದುಕೊಳ್ಳಿ. ವೃತ್ತದ ಇನರ್ಷಿಯಾ ಸುಮಾರು 0.785. ಸರಿಸಿದ ನೀರು 0.3 ಘನ ಮೀಟರ್. ಭಾಗಿಸಿದರೆ ಮೆಟಾಸೆಂಟರ್ 2.6 ಮೀಟರ್ ಮೇಲೆ ಹೋಗುತ್ತದೆ. ಆಳೆತ್ತರಕ್ಕಿಂತಲೂ ಹೆಚ್ಚು! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುತ್ತಾರೆ, ಹದಿನೈದಿಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಾರೆ ಎಂದು ಬರೆದಿದ್ದಾನೆ. ಕುದುರೆ ನಿಂತರೂ ಮಗುಚದ ಆ ಗುಣ ತೆಪ್ಪದ ಅಗಲದಿಂದ ಬಂದದ್ದು.

ಮಾವನ ಅಲ್ಯೂಮಿನಿಯಂ ದೋಣಿಯ ಕಥೆ ಬೇರೆ. ನೀರಿನ ಮಟ್ಟದಲ್ಲಿ ಅದರ ಅಗಲ 90 ಸೆಂಟಿಮೀಟರ್, ಲೆಕ್ಕಕ್ಕೆ ಸಿಗುವ ಉದ್ದ 3 ಮೀಟರ್. ಅದೇ 300 ಕೆ.ಜಿ.ಗೆ ಭಾಗಿಸಿದರೆ ಬರುವುದು 0.61 ಮೀಟರ್ ಮಾತ್ರ. ತೇಲುವಿಕೆಯ ಕೇಂದ್ರದ ಎತ್ತರ ಸೇರಿಸಿದರೆ ಮೆಟಾಸೆಂಟರ್ ತಳದಿಂದ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿದೆ. ತೆಪ್ಪದಲ್ಲಿ ನಿಂತು ಅಭ್ಯಾಸವಾದವರು ಇದರಲ್ಲೂ ಹಾಗೆಯೇ ನಿಲ್ಲಬಹುದು ಎಂದುಕೊಂಡರೆ ಅಪಾಯ.

ಹಲಗೆ ಮೇಲೇರಿದರೆ ಏನಾಗುತ್ತದೆ?

ಭಾರವನ್ನು ಹೀಗೆ ಹಂಚಿದೆ: ದೋಣಿ 70 ಕೆ.ಜಿ., ಇಬ್ಬರು ಮನುಷ್ಯರು 130, ಬಲೆ ಮತ್ತು ಮೀನು 60, ಹಲಗೆ, ಚೌಕಟ್ಟು, ಲಂಗರು ಸೇರಿ 40. ನಿಂತ ಮನುಷ್ಯನ ಗುರುತ್ವ ಕೇಂದ್ರ ಪಾದದಿಂದ ಸುಮಾರು 92 ಸೆಂಟಿಮೀಟರ್ ಮೇಲೆ, ಕುಳಿತವನದು ಸೀಟಿನಿಂದ ಸುಮಾರು 25 ಸೆಂಟಿಮೀಟರ್ ಮೇಲೆ ಎಂದು ಹಿಡಿದೆ.

ಹಲಗೆ ತಳದಿಂದ 15 ಸೆಂಟಿಮೀಟರ್ ಎತ್ತರದಲ್ಲಿದ್ದು, ಇಬ್ಬರೂ ಸೀಟಿನ ಮೇಲೆ ಕುಳಿತರೆ ಒಟ್ಟು ಗುರುತ್ವ ಕೇಂದ್ರ 37 ಸೆಂಟಿಮೀಟರಿಗೆ ಬರುತ್ತದೆ. ಮೆಟಾಸೆಂಟ್ರಿಕ್ ಎತ್ತರ 39. ಒಬ್ಬರು ಕುಳಿತು ಒಬ್ಬರು ನಿಂತರೆ ಅದು 28ಕ್ಕೆ ಇಳಿಯುತ್ತದೆ. ಇನ್ನೂ ಸುರಕ್ಷಿತ.

ಮಾವ ಹೇಳಿದಂತೆ ಅಂಚಿನ ಹತ್ತಿರ, ಅಂದರೆ 45 ಸೆಂಟಿಮೀಟರ್ ಎತ್ತರಕ್ಕೆ ಹಲಗೆ ಹಾಕಿದರೆ ಬಲೆ, ಮೀನು, ಮನುಷ್ಯರು ಎಲ್ಲರೂ ಮೇಲೇರುತ್ತಾರೆ. ಒಬ್ಬರು ಹಲಗೆಯ ಮೇಲೆ ಕುಳಿತು ಒಬ್ಬರು ನಿಂತರೆ ಉಳಿಯುವುದು ಬರೀ 7 ಸೆಂಟಿಮೀಟರ್. ಇಬ್ಬರೂ ನಿಂತರೆ ಗುರುತ್ವ ಕೇಂದ್ರ 83ಕ್ಕೆ ಹೋಗಿ ಮೆಟಾಸೆಂಟರನ್ನೇ ದಾಟುತ್ತದೆ. ಲೆಕ್ಕ ಮೈನಸ್ ಆಗುತ್ತದೆ. ದೋಣಿ ಅದೇ, ನೀರು ಅದೇ, ಭಾರವೂ ಅದೇ. ಬದಲಾದದ್ದು ಹಲಗೆಯ ಎತ್ತರ ಮಾತ್ರ.

ಬಲೆ ಎಳೆಯುವಾಗ ಮನುಷ್ಯ ನಟ್ಟ ನಡುವೆ ನಿಲ್ಲುವುದಿಲ್ಲ, ಬದಿಗೆ ಬಾಗುತ್ತಾನೆ. 65 ಕೆ.ಜಿ.ಯ ಮನುಷ್ಯ 20 ಸೆಂಟಿಮೀಟರ್ ಬದಿಗೆ ಸರಿದರೆ ಕೆಳಗಿನ ಹಲಗೆಯ ದೋಣಿ ಸುಮಾರು 9 ಡಿಗ್ರಿ ವಾಲುತ್ತದೆ. ಮೇಲಿನ ಹಲಗೆಯ ದೋಣಿಗೆ ಅದೇ ಸೂತ್ರ 30 ಡಿಗ್ರಿಗಿಂತ ಹೆಚ್ಚು ಕೊಡುತ್ತದೆ. ಅಷ್ಟು ವಾಲುವ ಮೊದಲೇ ಅಂಚು ಮುಳುಗಿ ನೀರು ಒಳಗೆ ನುಗ್ಗಿರುತ್ತದೆ.

ಇದನ್ನು ಮಾವನಿಗೆ ಸೂತ್ರದಲ್ಲಿ ಹೇಳಲಾಗದು. ಉದ್ದನೆಯ ಟಿಫಿನ್ ಡಬ್ಬಿಯೊಂದನ್ನು ನೀರು ತುಂಬಿದ ಬೋಗುಣಿಯಲ್ಲಿ ತೇಲಿಬಿಟ್ಟು, ಹಿಡಿ ಕಲ್ಲನ್ನು ಡಬ್ಬಿಯ ತಳಕ್ಕೆ ಹರಡಿದೆ. ಬೆರಳಿನಿಂದ ಒತ್ತಿ ಬಿಟ್ಟರೆ ಡಬ್ಬಿ ಥಟ್ಟನೆ ನೆಟ್ಟಗಾಯಿತು. ಅದೇ ಕಲ್ಲನ್ನು ಎತ್ತರದ ಲೋಟಕ್ಕೆ ತುಂಬಿ ಡಬ್ಬಿಯ ನಡುವೆ ನಿಲ್ಲಿಸಿದೆ. ಒತ್ತಿದರೆ ಲೋಟದ ಸಮೇತ ಮಗುಚಿತು. ‘ಸೊಪ್ಪಿ ಗಾಡಿ ಎತ್ತರಕ್ಕ ಹೇರಿದಂಗಾತು’ ಎಂದರು ಮಾವ. ಅದೇ ಸರಿಯಾದ ಹೋಲಿಕೆ. ಹತ್ತಿರದ ಕೆರೆಯ ಏರಿಯ ಮೇಲೆ ಮೆಕ್ಕೆಜೋಳದ ಸೊಪ್ಪೆ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ವಾಲುವುದನ್ನು ನೋಡಿದ ಯಾರಿಗೂ ಇದು ಅರ್ಥವಾಗುತ್ತದೆ.

ನಾಲ್ಕು ಶತಮಾನದ ಪಾಠ

1628ರ ಆಗಸ್ಟ್ 10ರಂದು ಸ್ವೀಡನ್ನಿನ ವಾಸಾ ಎಂಬ ರಾಜವೈಭವದ ಯುದ್ಧನೌಕೆ ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಯಾನಕ್ಕೆ ಹೊರಟಿತು. ಒಂದೂವರೆ ಕಿಲೋಮೀಟರ್ ದಾಟುವ ಮೊದಲೇ ಗಾಳಿಗೆ ವಾಲಿ ಮುಳುಗಿತು. ಮೇಲಿನ ಅಂತಸ್ತುಗಳ ಭಾರ ಅತಿಯಾಗಿತ್ತು. ಹೊರಡುವ ಮೊದಲು 30 ಜನರನ್ನು ಡೆಕ್ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆ ನಡೆಸಿದ್ದರು. ಹಡಗು ಭಯಂಕರವಾಗಿ ಓಲಾಡಿದ್ದರಿಂದ ಪರೀಕ್ಷೆಯನ್ನೇ ನಿಲ್ಲಿಸಿದರು, ಯಾನವನ್ನು ನಿಲ್ಲಿಸಲಿಲ್ಲ.

ಹಳೆಯ ಕಥೆ ಎಂದು ಬಿಡುವಂತಿಲ್ಲ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ ಮಕ್ಕಳೂ ಸೇರಿ 22 ಜನ ಸತ್ತರು. ಮೀನುಗಾರಿಕೆಯ ದೋಣಿಗೆ ಮೇಲಂತಸ್ತು ಕಟ್ಟಿ ಪ್ರವಾಸಿ ದೋಣಿಯಾಗಿ ಮಾರ್ಪಡಿಸಿದ್ದರು, ಮಿತಿ ಮೀರಿ ಜನರನ್ನೂ ಹತ್ತಿಸಿದ್ದರು. ನಮ್ಮ ರಾಜ್ಯದಲ್ಲೇ 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಪ್ರಾಣ ಕಳೆದುಕೊಂಡರು. ನಮ್ಮ ಹೊಳೆ, ಹಿನ್ನೀರಿನ ದೋಣಿಗಳು ಇವುಗಳಿಗಿಂತ ಚಿಕ್ಕವು. ಆದರೆ ದೋಣಿ ಚಿಕ್ಕದಾದಷ್ಟೂ ಒಬ್ಬ ಮನುಷ್ಯ ಎದ್ದು ನಿಂತದ್ದರ ಪರಿಣಾಮ ದೊಡ್ಡದು.

ನೆಲ ಹಾಕಿದ ಬಗೆ

ಕೊನೆಗೆ 15 ಸೆಂಟಿಮೀಟರ್ ಎತ್ತರಕ್ಕೆ ಒಪ್ಪಂದವಾಯಿತು. ಅಲ್ಲಿ ಒಳಗಿನ ಅಗಲ ಸುಮಾರು 60 ಸೆಂಟಿಮೀಟರ್. ಎರಡು ಕಾಲು ಅಗಲಿಸಿ ನಿಲ್ಲಲು ಸಾಕು.

ಮೊದಲ ಪ್ರಶ್ನೆ ಮಟ್ಟದ್ದು. ದೋಣಿಯನ್ನು ಇಟ್ಟಿಗೆಯ ಮೇಲಿಟ್ಟು ಸ್ಪಿರಿಟ್ ಲೆವೆಲ್ ಹಿಡಿದರೆ ಅದು ಇಟ್ಟಿಗೆಯ ಮಟ್ಟವೇ ಹೊರತು ನೀರಿನ ಮಟ್ಟ ಅಲ್ಲ. ಹಿಂದೆ ಹುಟ್ಟು ಹಾಕುವವರು ಕುಳಿತಾಗ ಹಿಂಭಾಗ ಕೆಳಗಿಳಿಯುತ್ತದೆ. ಆದ್ದರಿಂದ ಎಂದಿನ ಭಾರ ಹಾಕಿ ದೋಣಿಯನ್ನು ನಿಂತ ನೀರಿನಲ್ಲಿ ತೇಲಿಸಿ, ಹೊರಮೈಯಲ್ಲಿ ನಾಲ್ಕು ಕಡೆ ನೀರಿನ ಗುರುತು ಹಾಕಿಕೊಂಡೆವು. ದಡಕ್ಕೆ ತಂದು, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಆ ನಾಲ್ಕೂ ಗುರುತು ಒಂದೇ ಮಟ್ಟಕ್ಕೆ ಬರುವಂತೆ ಬೆಣೆ ಕೊಟ್ಟೆವು. ಆಮೇಲೆಯೇ ನೆಲದ ಗೆರೆ ಎಳೆದದ್ದು. ಅದರಲ್ಲೂ ಪೂರ್ತಿ ಸಮ ಮಾಡದೆ ಬಚ್ಚಲಿನ ನೆಲದಂತೆ ಹಿಂದಕ್ಕೆ 50ಕ್ಕೆ 1ರಷ್ಟು ಇಳಿಜಾರು ಬಿಟ್ಟೆವು. ಬಲೆಯಿಂದ ಸುರಿದ ನೀರು ಹಿಂದಕ್ಕೆ ಬಂದು ಸೇರಿದರೆ ಮೊಗೆದು ಹಾಕುವುದು ಸುಲಭ.

ಚೌಕಟ್ಟಿಗೆ ಅಲ್ಯೂಮಿನಿಯಂ ಆಂಗಲ್. ದೋಣಿಯ ತಳಕ್ಕೆ ಒಂದು ತೂತನ್ನೂ ಕೊರೆಯಲಿಲ್ಲ, ಎಲ್ಲ ರಿವೆಟ್‌ಗಳೂ ಒಳಗಿನ ಪಟ್ಟಿಗಳಿಗೇ. ಕಬ್ಬಿಣದ ಮೊಳೆ ಬೇಡ ಎಂದದ್ದಕ್ಕೆ ಕಾರಣವಿದೆ. ಎರಡು ಬೇರೆ ಲೋಹಗಳು ಒದ್ದೆಯಾಗಿ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆಯುತ್ತದೆ. ತಾಮ್ರ ಇನ್ನೂ ಕೆಟ್ಟದ್ದು. ಗೆದ್ದಲು ಹಿಡಿಯದಂತೆ ತಾಮ್ರದ ರಾಸಾಯನಿಕ ಕುಡಿಸಿದ ಮರವನ್ನೂ ಅದೇ ಕಾರಣಕ್ಕೆ ದೂರ ಇಡಬೇಕು. ಸ್ಟೀಲ್ ಬೋಲ್ಟ್ ಬೇಕೇ ಬೇಕಾದ ಕಡೆ ನಡುವೆ ರಬ್ಬರ್ ವಾಷರ್ ಕೊಟ್ಟೆವು.

ಹಲಗೆ 12 ಮಿಲಿಮೀಟರ್ ದಪ್ಪದ ಮರೀನ್ ಪ್ಲೈವುಡ್, ಐಎಸ್ 710 ಗುರುತಿನದು. ಸಾಮಾನ್ಯ ಪ್ಲೈವುಡ್ ನೀರು ಕುಡಿದು ಪದರ ಬಿಡುತ್ತದೆ. ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿಯುವುದು ಮುಖ್ಯ, ನೀರು ಒಳಗಿಳಿಯುವುದು ಅಲ್ಲಿಂದಲೇ. ಕೊನೆಯ ಕೋಟ್ ಬಣ್ಣ ಹಸಿಯಿರುವಾಗಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿದೆವು. ಕಾಲು ಜಾರದಂತೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಹಲಗೆಯನ್ನು ಮೂರು ತುಂಡು ಮಾಡಿ ಎತ್ತಿಡುವಂತೆ ಕೂರಿಸಿದ್ದರಿಂದ ಕೆಳಗೆ ಏನಾಗಿದೆ ಎಂದು ಯಾವಾಗ ಬೇಕಾದರೂ ನೋಡಬಹುದು.

ನೋಡಲೇಬೇಕಾದದ್ದು ಹಲಗೆಯ ಕೆಳಗೆ ಸೇರುವ ನೀರನ್ನು. ಕಣ್ಣಿಗೆ ಕಾಣದ ಆ ನೀರು ದೋಣಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. 40 ಸೆಂಟಿಮೀಟರ್ ಅಗಲಕ್ಕೆ ನಿಂತ ಸುಮಾರು 60 ಲೀಟರ್ ನೀರಿನ ಈ ಓಡಾಟ ಮೆಟಾಸೆಂಟ್ರಿಕ್ ಎತ್ತರದಲ್ಲಿ 4ರಿಂದ 5 ಸೆಂಟಿಮೀಟರ್ ತಿನ್ನುತ್ತದೆ. ಅದಕ್ಕೆ ಆ ಜಾಗದಲ್ಲಿ ನೀರು ಹೀರದ ಫೋಮ್ ತುಂಬಿ, ನಡುವೆ ನೀರು ಹರಿಯಲು ಸಣ್ಣ ಕಾಲುವೆ ಬಿಟ್ಟೆವು. ಫೋಮ್‌ನಿಂದ ಇನ್ನೊಂದು ಲಾಭವಿದೆ. 70 ಕೆ.ಜಿ. ಅಲ್ಯೂಮಿನಿಯಂ ನೀರೊಳಗೆ ಸುಮಾರು 44 ಕೆ.ಜಿ. ತೂಗುತ್ತದೆ. 100 ಲೀಟರ್ ಫೋಮ್ ಹೆಚ್ಚುಕಡಿಮೆ 97 ಕೆ.ಜಿ.ಯಷ್ಟು ಮೇಲಕ್ಕೆ ಒತ್ತುತ್ತದೆ. ಅಂದರೆ ದೋಣಿಯೊಳಗೆ ನೀರು ತುಂಬಿದರೂ ಅದು ತಳ ಸೇರುವುದಿಲ್ಲ, ಹಿಡಿದುಕೊಳ್ಳಲು ಏನಾದರೂ ಉಳಿಯುತ್ತದೆ. ಎಲ್ಲ ಫೋಮ್ ತಳದಲ್ಲೇ ಇದ್ದರೆ ನೀರು ತುಂಬಿದ ದೋಣಿ ಬೋರಲಾಗುವ ಸಾಧ್ಯತೆ ಇರುತ್ತದೆ. ಹಾಗಾಗಿ ಅರ್ಧದಷ್ಟನ್ನು ಸೀಟುಗಳ ಕೆಳಗೆ ಎರಡೂ ಬದಿಗೆ ಹಂಚಿದೆವು.

ಮರಳಿನ ಚೀಲದ ಪರೀಕ್ಷೆ

ಲೆಕ್ಕವನ್ನು ನಂಬಿ ಮನುಷ್ಯರನ್ನು ಹತ್ತಿಸುವ ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಪರೀಕ್ಷೆ ಮಾಡಿದೆವು. ಮನುಷ್ಯರ ಬದಲು ಸೀಟಿನ ಮೇಲೆ ಮರಳಿನ ಚೀಲ, ಒಟ್ಟು ಭಾರ ಅದೇ 300 ಕೆ.ಜಿ. ನಿಲ್ಲಿಸಿದ ಕೋಲಿಗೆ 50 ಸೆಂಟಿಮೀಟರ್ ದಾರದಲ್ಲಿ ತೂಗುಗುಂಡು. 20 ಕೆ.ಜಿ.ಯ ಒಂದು ಚೀಲವನ್ನು ನಡುವಿನಿಂದ 40 ಸೆಂಟಿಮೀಟರ್ ಬದಿಗೆ ಸರಿಸಿದಾಗ ಗುಂಡು 3 ಸೆಂಟಿಮೀಟರ್ ಸರಿಯಿತು. ಸೂತ್ರಕ್ಕೆ ಹಾಕಿದರೆ ಮೆಟಾಸೆಂಟ್ರಿಕ್ ಎತ್ತರ 44 ಸೆಂಟಿಮೀಟರ್. ಚೀಲಗಳ ಎತ್ತರ ಹಿಡಿದು ಕಾಗದದ ಮೇಲೆ ಬಂದಿದ್ದದ್ದು 46. ದೊಡ್ಡ ಹಡಗುಕಟ್ಟೆಗಳಲ್ಲೂ ಹೊಸ ಹಡಗಿನ ಸ್ಥಿರತೆ ಅಳೆಯುವುದು ಇದೇ ಕ್ರಮದಲ್ಲಿ. ಅದಕ್ಕೆ ಇನ್‌ಕ್ಲೈನಿಂಗ್ ಪರೀಕ್ಷೆ ಎನ್ನುತ್ತಾರೆ. ನಮಗೆ ಬೇಕಾದದ್ದು ಮರಳು, ದಾರ, ಗುಂಡು ಮತ್ತು ಒಂದು ಸ್ಕೇಲ್.

ಮಾವ ಈಗ ಒಬ್ಬರೇ ನಿಂತು, ಇನ್ನೊಬ್ಬರನ್ನು ಕೂರಿಸಿಕೊಂಡು ಬಲೆ ಎಳೆಯುತ್ತಾರೆ. ಇಬ್ಬರೂ ಒಟ್ಟಿಗೆ ಏಳಬಾರದು ಎಂಬ ನಿಯಮ ದೋಣಿಯ ಒಳಬದಿಗೆ ಬಣ್ಣದಲ್ಲಿ ಬರೆದಿದೆ. ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದರೆ ಮಾತ್ರ ‘ಸೆಕಿ ಆಕ್ಕತಪ್ಪ’ ಎನ್ನುತ್ತಾರೆ. ಆ ವಾದ ಇನ್ನೂ ಮುಗಿದಿಲ್ಲ.

ನಮ್ಮಂಥವರಿಗೆ ಇಲ್ಲಿ ಕೆಲಸವಿದೆ

1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ನೋಂದಾಯಿಸಬೇಕು ಎನ್ನುತ್ತದೆ. ನೋಂದಣಿ ಪುಸ್ತಕದಲ್ಲಿ ಹೆಸರು ಬರೆಯುವುದು ಸುಲಭ. ಈ ದೋಣಿಗೆ ಎಷ್ಟು ಜನ, ಎಷ್ಟು ಜನ ನಿಲ್ಲಬಹುದು ಎಂದು ಅಳೆದು ಹೇಳಲು ಯಾರಾದರೂ ಬೇಕಲ್ಲ? ಸಿವಿಲ್, ಮೆಕ್ಯಾನಿಕಲ್ ಓದುವ ಯಾರಿಗಾದರೂ ಅದು ಒಂದು ದಿನದ ಕೆಲಸ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಹಿನ್ನೀರಿನ ಐದಾರು ದೋಣಿಗಳನ್ನು ಅಳೆದು, ಪ್ರತಿಯೊಂದರ ಮಿತಿಯನ್ನು ಅದರ ಮಾಲೀಕರಿಗೇ ಬರೆದು ಕೊಡಬಹುದು. ಮಾರುಕಟ್ಟೆಯಿಂದ ಕಿಟ್ ತಂದು ಜೋಡಿಸುವ ಪ್ರಾಜೆಕ್ಟಿಗಿಂತ ಇದರಲ್ಲಿ ಕಲಿಯುವುದು ಹೆಚ್ಚು, ಖರ್ಚು ಕಡಿಮೆ.

ಆಸಕ್ತಿ ಬೆಳೆದರೆ ಮುಂದೆ ದಾರಿಯೂ ಇದೆ. ಐಐಟಿ ಮದ್ರಾಸ್, ಐಐಟಿ ಖರಗ್‌ಪುರ ಮತ್ತು ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ನೌಕಾ ವಿನ್ಯಾಸದ ಕೋರ್ಸುಗಳಿವೆ. 2022ರಿಂದ ಗೇಟ್ ಪರೀಕ್ಷೆಯಲ್ಲಿ ನೇವಲ್ ಆರ್ಕಿಟೆಕ್ಚರ್ ಮತ್ತು ಮರೀನ್ ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆ ಇದೆ. ನಮ್ಮ ಮಲ್ಪೆಯಲ್ಲೇ ಕೊಚ್ಚಿನ್ ಶಿಪ್‌ಯಾರ್ಡ್‌ನ ಅಂಗಸಂಸ್ಥೆ ಹಡಗು ಕಟ್ಟುತ್ತಿದೆ. ಕಡಲನ್ನೇ ನೋಡದೆ ಬೆಳೆದ ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಇದು ದೂರದ್ದು ಅನ್ನಿಸಬಹುದು. ಆದರೆ ಅಲ್ಲಿ ಹಾಕುವ ಮೊದಲ ಲೆಕ್ಕ ಮತ್ತು ಹಿನ್ನೀರಿನ ದಡದಲ್ಲಿ ಹನ್ನೆರಡು ಅಡಿ ದೋಣಿಗೆ ಹಾಕುವ ಲೆಕ್ಕ ಒಂದೇ.

ನಿಮ್ಮ ಊರಿನಲ್ಲೂ ಯಾರಾದರೂ ದೋಣಿಗೆ ಹಲಗೆ ಬಡಿಯಲು, ಸೀಟು ಎತ್ತರಿಸಲು, ನೆರಳಿಗೆಂದು ಮೇಲೊಂದು ತಗಡು ಹಾಕಲು ಹೊರಟಿದ್ದರೆ ಅಳತೆಪಟ್ಟಿ ಹಿಡಿದು ಹೋಗಿ. ನೀರಿನ ಮಟ್ಟದಲ್ಲಿ ಅಗಲ ಎಷ್ಟು, ಒಟ್ಟು ಭಾರ ಎಷ್ಟು, ಭಾರ ಎಷ್ಟು ಎತ್ತರದಲ್ಲಿದೆ ಎಂಬ ಮೂರನ್ನು ಬರೆದುಕೊಳ್ಳಿ. ಮಿಕ್ಕದ್ದು ನಿಮ್ಮ ಪುಸ್ತಕದಲ್ಲಿದೆ.